ಎಮರಿವಿಲ್ ಕೆಸರಿನಲ್ಲಿ ಉಬ್ಬಿದ ಹಾಯಿ

ನನ್ನ ಹೆಸರು ಅನಂತಪದ್ಮನಾಭ. ಆ ಹೆಸರಿನ ದೇವರು ಕ್ಷೀರಸಾಗರದಲ್ಲಿ ಹಾಯಾಗಿ ಪವಡಿಸಿದ್ದಾನೆ. ನಾನು ಹಾಯಿ ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕೆಸರಿನಲ್ಲಿ ಐದು ಗಂಟೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಇದಕ್ಕೆಲ್ಲ ನನ್ನ ಹೆಂಡತಿ ರಂಜನಿಯೇ ಕಾರಣ ಎಂದು ಬರೆಯಬೇಕೆಂದಿದ್ದೆ. ಆದರೆ ಅವಳು ಇದನ್ನು ಓದುತ್ತಾಳೆ.

2001ರ ಅಕ್ಟೋಬರು. ರೆಡ್‌ವುಡ್ ಸಿಟಿಯಲ್ಲಿದ್ದ ನಮ್ಮ ಪುಟ್ಟ ಡಾಟ್‌ಕಾಂ ಕಂಪನಿ ಒಂದು ಸೋಮವಾರ ಬೆಳಿಗ್ಗೆ ಬಾಗಿಲು ಹಾಕಿತು. ಕೆಲಸದ ಬೆನ್ನಿಗೇ ವೀಸಾವೂ ಹೋಯಿತು. ಮೂರು ವಾರ ಇಂಟರ್‌ವ್ಯೂಗಳಿಗೆ ಅಲೆದೆ, ಯಾರೂ ಕೆಲಸ ಕೊಡಲಿಲ್ಲ. ಇನ್ನು ಹತ್ತು ದಿನದಲ್ಲಿ ಗಂಟುಮೂಟೆ ಕಟ್ಟಿ ಮೈಸೂರಿಗೆ ಹೊರಡಬೇಕು. ಸೋಫಾ, ಟೀವಿ, ಕೊನೆಗೆ ಮಂಚವನ್ನೂ ಯಾರು ಯಾರೋ ಹೊತ್ತೊಯ್ದರು. ನಾವಿಬ್ಬರೂ ಕಾರ್ಪೆಟ್ಟಿನ ಮೇಲೆ, ನಡುವೆ ಒಂದು ಸೂಟ್‌ಕೇಸು ಇಟ್ಟುಕೊಂಡು ಮಲಗುತ್ತಿದ್ದೆವು. ಮಾರಾಟವಾಗದೆ ಉಳಿದದ್ದು ಒಂದೇ: ಒಳ್ಳೆಯ ದಿನಗಳಲ್ಲಿ ಕೊಂಡು ಕೊಲ್ಲಿಯಾಚೆಯ ಎಮರಿವಿಲ್‌ನ ದಕ್ಕೆಯಲ್ಲಿ ಕಟ್ಟಿದ್ದ ಹದಿನೇಳು ಅಡಿಯ ಹಾಯಿದೋಣಿ.

ಓಕ್ಲ್ಯಾಂಡಿನಲ್ಲಿ ಡಾಕ್ಟರಾಗಿದ್ದ, ವಿಜಾಪುರ ಕಡೆಯ ಬಸವಂತಪ್ಪನವರು ಬಂದು ನೋಡಿದರು. "ಮುಂದ ಬಲೂನ್ ಹಾಂಗ ಉಬ್ಬತದಲ್ರೀ, ಬಣ್ಣದ ದೊಡ್ಡ ಹಾಯಿ, ಅದೆಲ್ಲದ? ಅದಿಲ್ಲಾಂದ್ರ ನಮಗ ಬ್ಯಾಡ್ರಿ."

ಅದರ ಹೆಸರು ಸ್ಪಿನೇಕರ್. ಬೆನ್ನಗಾಳಿಗೆ ಏರಿಸುವ ಹಾಯಿ. ಚೀಲದಲ್ಲಿ ಅದೇನೋ ಇತ್ತು; ಏರಿಸುವ ಸಲಕರಣೆ ಇರಲಿಲ್ಲ. "ಭಾನುವಾರ ಬನ್ನಿ ಡಾಕ್ಟ್ರೇ, ಹಾರಿಸಿ ತೋರಿಸ್ತೀನಿ" ಎಂದುಬಿಟ್ಟೆ.

ಹಾಯಿಕಂಬ ಕೆಳಗಿಳಿಸಿ ತುದಿಗೆ ರಾಟೆ ಜಡಿದೆ. ಕಂಬದ ಎದೆಗೆ ತೂತು ಕೊರೆದು, ಹಾಯಿಯನ್ನು ಹೊರಕ್ಕೆ ಚಾಚಿ ಹಿಡಿಯುವ ಕೋಲಿಗೆಂದು ಒಂದು ಬಳೆ ಕೂರಿಸಿದೆ. ಹಾಯಿಯ ಎರಡು ಕೆಳಮೂಲೆಗಳ ಹಗ್ಗಗಳನ್ನು ದೋಣಿಯ ಉಳಿದೆಲ್ಲ ಹಗ್ಗಗಳ ಹೊರಗಿನಿಂದ ಸುತ್ತಿಸಿ ಹಿಂದಕ್ಕೆ ತಂದೆ. (ಮೂರು ಸಲ ಒಳಗಿನಿಂದ ತಂದು, ಮೂರು ಸಲ ಬಿಚ್ಚಿದೆ.) ಮೇಲಕ್ಕೆಳೆಯುವ ಹಗ್ಗ ಮಾತ್ರ ಇರಲಿಲ್ಲ. ಮನೆಯಿಂದ ತಂದೆ.

"ರೀ, ಅದು ಬಟ್ಟೆ ಒಣಗಿಸೋ ಹಗ್ಗ."

"ಹಗ್ಗ ಅಂದ್ರೆ ಹಗ್ಗ ಕಣೆ."

"ರಾಟೆಗೆ ತೆಳ್ಳಗಾಗಲ್ವಾ? ಪಕ್ಕಕ್ಕೆ ಜಾರಿ ಸಿಕ್ಕಾಕೊಂಡ್ರೆ?"

"ನೌಕಾಶಾಸ್ತ್ರದಲ್ಲಿ ನೀನು ಬಾಯಿ ಹಾಕ್ಬೇಡ. ಚುಕ್ಕಾಣಿ ಹಿಡಿ, ಸಾಕು."

ಹಿಡಿದಳು.

ಭಾನುವಾರ ಮಧ್ಯಾಹ್ನ ಕೊಲ್ಲಿಯಲ್ಲಿ ದೂರ ಹೋಗಿ ದಡದ ಕಡೆ ತಿರುಗಿದೆವು. ಪಡುವಣ ಗಾಳಿ ಬೆನ್ನಿಗೆ ಬಂತು. ಲಾಂಡ್ರಿ ಬುಟ್ಟಿಯಲ್ಲಿ ಮಡಿಸಿಟ್ಟಿದ್ದ ಹಾಯಿಯನ್ನು ಸರಸರನೆ ಮೇಲಕ್ಕೆಳೆದೆ. ಭಪ್! ಕಿತ್ತಳೆ ಬಣ್ಣದ ಹಾಯಿ ಆಕಾಶದ ತುಂಬ ಅರಳಿತು. ದೋಣಿ ಮೂತಿಯೆತ್ತಿ ಓಡಿತು. ಒಂದು ತಿಂಗಳಲ್ಲಿ ನಾನು ಕೈಯಿಟ್ಟು ನೆಟ್ಟಗಾದದ್ದು ಅದೊಂದೇ. ನಾನು ನಕ್ಕೆ. ರಂಜನಿಯೂ ನಕ್ಕಳು.

ಆಮೇಲೆ ಇಳಿಸಲು ಹೋದೆ. ಹಗ್ಗ ಜಾರಿ ರಾಟೆಯ ಸಂದಿಯಲ್ಲಿ ಕಚ್ಚಿಕೊಂಡಿತ್ತು. ಎಳೆದೆ, ಜೋತುಬಿದ್ದೆ, ಮನೆದೇವರನ್ನು ಕೂಗಿದೆ. (ಕೆಳಗಿನ ಎರಡು ಹಗ್ಗ ಸಡಿಲ ಬಿಟ್ಟಿದ್ದರೆ ಹಾಯಿ ಬಾವುಟದಂತೆ ಪಟಪಟಿಸಿ ದೋಣಿ ನಿಧಾನವಾಗುತ್ತಿತ್ತಂತೆ. ಹಾಗಂತ ಪುಸ್ತಕದಲ್ಲಿದೆ. ಪುಸ್ತಕ ಮನೆಯಲ್ಲಿತ್ತು.)

"ರೀ, ದಡ ಬಂತು! ಎಡಕ್ಕಾ, ಬಲಕ್ಕಾ?"

"ಎಡ! ನಿನ್ನ ಎಡ ಅಲ್ಲ, ನನ್ನ ಎಡ!"

ಎಮರಿವಿಲ್‌ನ ಕೆಸರುಬಯಲಿಗೆ ದೋಣಿ ಪಚಕ್ಕನೆ ನುಗ್ಗಿ ನಿಂತಿತು. ಇಳಿತದ ಹೊತ್ತು, ನೀರೂ ನಮ್ಮನ್ನು ಬಿಟ್ಟು ಹೊರಟುಹೋಯಿತು. ಪಕ್ಕದಲ್ಲೇ ಫ್ರೀವೇ. ಕಾರುಗಳು ನಿಧಾನವಾಗಿ, ಹಾರನ್ ಹೊಡೆದು ಹೋದವು. ಹಾಯಿ ಮಾತ್ರ ದಿವ್ಯವಾಗಿ ಉಬ್ಬಿಯೇ ಇತ್ತು. ಸೆಲ್‌ಫೋನು ಬಡಿದುಕೊಂಡಿತು. ಬಸವಂತಪ್ಪನವರು.

"ಅನಂತಪದ್ಮನಾಭ ಅವರ, ಫ್ರೀವೇದಾಗಿಂದ ನೋಡಿದೆ. ಹಾಯಿ ಭಾಳ ಛಂದ ಕಾಣ್ತದ್ರೀ. ಆದ್ರ ದೋಣಿ ನಮಗ ಬ್ಯಾಡ್ರಿ."

ಕಾವಲು ದೋಣಿಯವರಿಗೆ ಫೋನು ಮಾಡಿದರೆ, ನೀರು ಏರಿದ ಮೇಲೆಯೇ ಬರುತ್ತೇವೆಂದರು. ಕೂತೆವು. ಚಳಿ. ಇದ್ದಕ್ಕಿದ್ದಂತೆ ನನಗೆ ಅಳು ಬಂತು. ತಮಾಷೆಯಲ್ಲ, ನಿಜವಾಗಿ ಅತ್ತೆ. "ಒಂದು ದೋಣಿ ಮಾರೋಕೂ ಆಗ್ಲಿಲ್ಲ. ಊರಲ್ಲಿ ಹ್ಯಾಗೆ ಮುಖ ತೋರಿಸ್ಲಿ?"

ರಂಜನಿ ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಊರಿಗೆ ಹೋಗ್ಬೇಕಾಗಿಲ್ಲ ರೀ. ನಂಗೆ ಕೆಲಸ ಸಿಕ್ಕಿದೆ. ಶುಕ್ರವಾರ ಫೋನ್ ಬಂತು. ವೀಸಾ ಕಾಗದಾನೂ ಅವರೇ ಹಾಕ್ತಾರಂತೆ."

"ಯಾವ ಕಂಪನಿ?"

ಹೇಳಿದಳು. ಹದಿನೈದು ದಿನದ ಹಿಂದೆ ಇಂಟರ್‌ವ್ಯೂ ಮಾಡಿ ನನ್ನನ್ನು ಬೇಡವೆಂದ ಕಂಪನಿ.

"ನಿಮಗೆ ಪ್ರಶ್ನೆ ಕೇಳಿ ಕೇಳಿ ಉತ್ತರ ನಂಗೇ ಬಾಯಿಪಾಠ ಆಗಿತ್ತು. ನಂದೂ ಕಂಪ್ಯೂಟರ್ ಸೈನ್ಸೇ, ಮರೆತೇಬಿಟ್ರಾ?"

"ಶುಕ್ರವಾರಾನೇ ಯಾಕೆ ಹೇಳ್ಲಿಲ್ಲ?"

"ಕಂಬ ಕೊರೀತಾ ಶಿಳ್ಳೆ ಹಾಕ್ತಿದ್ರಿ. ಹೇಳಿದ್ರೆ ನಿಂತುಹೋಗುತ್ತೆ ಅನ್ನಿಸ್ತು."

ಸಂಜೆ ನೀರು ಏರಿತು. ಕಾವಲು ದೋಣಿ ನಮ್ಮನ್ನು ದಕ್ಕೆಗೆ ಎಳೆದುತಂದಿತು. ಅಧಿಕಾರಿ ಫಾರಮ್ಮು ಹಿಡಿದು ನಿಂತ. ಹೆಸರು? ಹೇಳಿದೆ. (ಅರ್ಧ ಬರೆದು ಕೈಬಿಟ್ಟ.) ವಿಳಾಸ? ಹೇಳಿದೆ. ಉದ್ಯೋಗ?

"ಡಿಪೆಂಡೆಂಟ್ ಅಂತ ಬರೆಸಿ ರೀ" ಎಂದಳು ರಂಜನಿ, ಹಿಂದಿನಿಂದ, ತಣ್ಣಗೆ.

ನಾಲ್ಕು ವರ್ಷದಿಂದ ಅವಳ ವೀಸಾ ಫಾರಮ್ಮುಗಳಲ್ಲಿ, ಗಂಡನನ್ನು ಅವಲಂಬಿಸಿದವಳು ಎಂಬರ್ಥದ ಆ ಪದ ತುಂಬಿದವನು ನಾನೇ. ಅಧಿಕಾರಿಯ ಕೈಯಿಂದ ಪೆನ್ನು ಇಸಿದುಕೊಂಡು, ಒಂದಕ್ಷರ ತಪ್ಪದೆ ಬರೆದುಕೊಟ್ಟೆ.