ದಂಡೆಯಲ್ಲಿ ನಿಂತು ಗಳಿಸಿದ ಪುಣ್ಯ

ಗಾಳ ಹಿಡಿದು ಹೊರಟವರಿಗೆ ಮೀನು ಸಿಗುವುದು ಅಪರೂಪ, ಸಲಹೆ ಸಿಗುವುದು ಧಾರಾಳ. ಅದರಲ್ಲೂ ದೋಣಿ ಇಲ್ಲದ ಒಬ್ಬ ಮುದುಕಿ ದಂಡೆಯ ಮೇಲೆ ನಿಂತಳೆಂದರೆ, ನೀರಿನೊಳಗೆ ಏನೂ ಆಗದಿದ್ದರೂ ನೀರಿನ ಹೊರಗೆ ಏನಾದರೊಂದು ಆಗಿಯೇ ತೀರುತ್ತದೆ.

ನಾನು ಹುಟ್ಟಿದ್ದು ಕುಮಟಾ ಕಡೆಯ ಹೊಳೆಯಂಚಿನ ಊರಲ್ಲಿ. ಬೆಟಗೇರಿಯ ನೇಕಾರರೊಬ್ಬರು ಅಲ್ಲಿಗೆ ಸೀರೆ ಮಾರಲು ಬಂದವರು, ಸೀರೆ ಉಡುವವಳನ್ನೇ ಕರೆದುಕೊಂಡು ಹೋದರು. ಅವರೇ ನಮ್ಮ ಯಜಮಾನರು. ಅಂಗಳದ ತುದಿಯಲ್ಲೇ ಹೊಳೆ ಇದ್ದ ಮನೆಯಿಂದ, ನಲ್ಲಿಗೆ ನೀರು ಬಂದ ದಿನವೇ ಹಬ್ಬ ಮಾಡುವ ಓಣಿಗೆ ಬಂದೆ. ಬಂದದ್ದಕ್ಕೆ ಬೇಸರವಿಲ್ಲ. ಬೇಸರವೆಲ್ಲ ನನ್ನ ತಮ್ಮನ ಬಾಯಿಯದು. ಪ್ರತಿ ಸಲ ಬರುವಾಗಲೂ ಬರಗಾಲದವರಿಗೆ ಪರಿಹಾರ ತಂದಂತೆ ಒಣಮೀನಿನ ಒಂದು ಗಂಟು ತರುತ್ತಾನೆ.

"ಅಕ್ಕಾ, ಮೀನು ತಿನ್ನಬೇಕು ಅನ್ನಿಸಿದ್ರೆ ನಿಮ್ಮಲ್ಲಿ ಮಿರ್ಚಿ ಭಜಿಗೇ ಬಾಲ ಅಂಟಿಸ್ಕೊಂಡು ತಿಂತ್ಯೇನೆ?" ಎಂದು ಕಳೆದ ಸಲ ಫೋನಿನಲ್ಲಿ ಕೇಳಿದ.

ನನಗೆ ಸಿಟ್ಟು ಬಂತು. "ಈ ಸಲ ನೀನು ಬಾ. ಇಲ್ಲಿನ ನೀರಿನಲ್ಲಿ, ದಂಡೆಯ ಮೇಲೆ ನಿಂತು, ನಾನೇ ಹಿಡಿದ ಮೀನು ಬಡಿಸ್ತೇನೆ" ಎಂದೆ.

"ಬಡಿಸಿದ್ರೆ ಇನ್ನು ಮೇಲೆ ಒಣಮೀನು ತರೋದಿಲ್ಲ. ಬಡಿಸದೇ ಇದ್ರೆ ನಾನು ಬದುಕಿರೋವರೆಗೂ ತಂದಿದ್ದನ್ನ ಬಾಯಿ ಮುಚ್ಕೊಂಡು ತಗೊಳ್ಬೇಕು."

ಹೀಗೆ ನನ್ನ ತವರಿನ ಮಾನವೂ ಅತ್ತೆಮನೆಯ ಮಾನವೂ ಒಂದೇ ಗಾಳದ ತುದಿಗೆ ನೇತುಬಿದ್ದವು.

ಮೀನೆಲ್ಲ ನಡುವ

ಮೊದಲು ಹೋದದ್ದು ಮುಂಡರಗಿ ಕಡೆಗೆ. ಎಷ್ಟೆಂದರೂ ತುಂಗಭದ್ರೆ. ಚಹಾದಂಗಡಿಯಲ್ಲಿ ಕುಳಿತವರನ್ನು ಜಾಗ ಕೇಳಿದೆ. ಎಲ್ಲರೂ ಒಟ್ಟಿಗೇ ಬಾಯಿ ತೆರೆದರು.

"ದಂಡಿ ಮ್ಯಾಲೆ ಏನೂ ಸಿಗಂಗಿಲ್ರಿ ಅವ್ವಾರ. ಮೀನೆಲ್ಲ ನಡುವ ಇರತಾವು."

"ನೀವು ಹಿಡದೀರೇನ್ರಿ?"

"ಛೇ, ನಾವು ಮೀನು ಮುಟ್ಟಂಗಿಲ್ರಿ. ಆದ್ರ ಎಲ್ಲಾ ಗೊತ್ತೈತಿ."

ಮುಟ್ಟದವರ ಜ್ಞಾನವನ್ನು ನಂಬಿ, ರಟ್ಟೆ ಕಳಚಿ ಬರುವ ಹಾಗೆ ಗಾಳವನ್ನು ನಡುನೀರಿಗೆ ಬೀಸಿದೆ. ಬೆಳಗೆಲ್ಲ ಬೀಸಿದೆ. ಅಷ್ಟರಲ್ಲಿ ನಡುನೀರಿನಿಂದ ತೆಪ್ಪದಲ್ಲಿ ಒಬ್ಬ ಬಂದ. ಸೀದಾ ನನ್ನ ಹತ್ತಿರ ಬಂದು, ನಾನು ನಿಂತ ದಂಡೆಯ ಬುಡಕ್ಕೇ ಬಲೆ ಬೀಸಿದ. ಬಲೆ ತುಂಬ ಮೀನು!

"ಅವ್ವಾರ, ಅಷ್ಟು ದೂರ ಯಾಕ ಒಗಿತೀರಿ?" ಎಂದ. "ಮೀನು ನಿಮ್ಮ ಕಾಲಾಗ ಅದಾವು. ನಡುವ ಏನೂ ಇಲ್ಲಂತ ನಾ ಈ ಕಡೆ ಬಂದೇನಿ."

ಎಳೆ ಹರಿಯಬಾರದು

ಇನ್ನು ಯಾರನ್ನೂ ಕೇಳುವುದಿಲ್ಲ ಎಂದುಕೊಂಡು ತವರಿನ ಬುದ್ಧಿ ಉಪಯೋಗಿಸಿದೆ. ಕೆರೆಗೆ ಹಳ್ಳ ಬಂದು ಸೇರುವ ಬಾಯಿ, ಮೇಲೆ ಮರದ ನೆರಳು, ದಂಡೆ ಬಿಟ್ಟ ಕೂಡಲೇ ಆಳ. ಈ ಮೂರೂ ಕೂಡಿದಲ್ಲಿ ದೋಣಿ ಬೇಕಾಗಿಲ್ಲ. ಲಕ್ಷ್ಮೇಶ್ವರದ ಆಚೆ ಅಂಥದ್ದೇ ಒಂದು ಜಾಗ ಸಿಕ್ಕಿತು. ತಪ್ಪು ಮಾಡಿದ್ದು ಒಂದೇ, ಯಜಮಾನರನ್ನು ಜೊತೆಗೆ ಕರೆದುಕೊಂಡು ಹೋದದ್ದು.

ಅವರು ಮಗ್ಗ ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಸಣ್ಣ ಕತ್ತರಿ ಇಂದಿಗೂ ಅಂಗಿಯ ಕಿಸೆ ಬಿಟ್ಟಿಲ್ಲ. "ಒಂದು ಗಳಿಗಿ ಇದನ್ನ ಹಿಡೀರಿ, ನೀರು ಕುಡದು ಬರತೇನಿ" ಎಂದು ಕೋಲನ್ನು ಅವರ ಕೈಗೆ ಕೊಟ್ಟು ಮರದ ಬುಡಕ್ಕೆ ಹೋದೆ. ತಿರುಗಿ ನೋಡುವಾಗ ಬೆಂಡು ಮುಳುಗಿತ್ತು, ದಾರ ಬಿಗಿದಿತ್ತು, ಕೋಲು ಬಿಲ್ಲಿನಂತೆ ಬಾಗಿತ್ತು.

"ಎಳೀರೀ! ಎಳೀರೀ!" ಎಂದು ಕೂಗುತ್ತ ಓಡಿದೆ.

ನಾನು ಮುಟ್ಟುವಷ್ಟರಲ್ಲಿ ಅವರು ಶಾಂತವಾಗಿ ಕತ್ತರಿಯನ್ನು ಕಿಸೆಗೆ ಇಳಿಸುತ್ತಿದ್ದರು.

"ಗಾಬರಿ ಆಗಬ್ಯಾಡ. ಎಳಿ ಎಲ್ಲೋ ಸಿಕ್ಕೊಂಡು ಬಿಗದಿತ್ತು. ತಾನಾಗಿ ಹರದ್ರ ತುದಿ ಕೆಡತೈತಿ ಅಂತ ನೆಟ್ಟಗ ಕತ್ತರಿಸೇನಿ. ಇನ್ನ ಗಂಟು ಹಾಕಿಬಿಟ್ರ ಆತು."

ಗಂಟು ಹಾಕುವುದರಲ್ಲಿ ನಮ್ಮವರನ್ನು ಮೀರಿಸುವವರು ಬೆಟಗೇರಿಯಲ್ಲೇ ಇಲ್ಲ. ಉಳಿದ ತುದಿಯನ್ನು ಬೆರಳಲ್ಲಿ ಹೊಸೆಯುತ್ತ ನೀರನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನನ್ನೇ ಗದರಿಸಿದರು: "ಈ ತುದಿ ನನ್ನ ಕೈಯಾಗ ಐತಿ. ಆ ತುದಿ ಎಲ್ಲಿ ಇಟ್ಟಿ?"

ಪರವಾನಗಿ ಇದ್ದವರು

ಹಕ್ಕಿ ಕೂತಲ್ಲಿ ಮೀನಿರುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಶಿರಹಟ್ಟಿ ಸೀಮೆಯ ಒಂದು ಕೆರೆಯಲ್ಲಿ ನೀರೇ ಕಾಣದಷ್ಟು ಹಕ್ಕಿ. ಸಂತೋಷದಿಂದ ಕೋಲು ಬಿಚ್ಚಿದೆ. ಪೊದೆಯೊಳಗಿಂದ ಒಂದು ತಲೆ ಮೇಲೆದ್ದಿತು, ಕೈಯಲ್ಲಿ ಮೊಳದುದ್ದದ ಕ್ಯಾಮೆರಾ.

"ಆಂಟಿ, ಸರೀರಿ. ಫೋಟೋದಾಗ ಬರಾಕತ್ತೀರಿ."

ಸರಿದೆ. ಸರಿದಲ್ಲಿ ಕಾವಲುಗಾರ ನಿಂತಿದ್ದ.

"ಅಮ್ಮಾರ, ಇದು ಹಕ್ಕಿಗೋಳ ಕೆರಿ. ಇಲ್ಲಿ ಮೀನು ಹಿಡಿಯೂಹಂಗಿಲ್ಲ."

ಅವನ ಬೆನ್ನ ಹಿಂದೆಯೇ ಒಂದು ನೀರುಕಾಗೆ ಮುಳುಗಿ ಎದ್ದು, ಒಂದು ಮೀನನ್ನು ಇಡಿಯಾಗಿ ನುಂಗಿತು.

"ಅದೇನ್ ಮಾಡಾಕತ್ತೈತಪ್ಪಾ ಹಂಗಾರ?"

ಅವನು ತಿರುಗಿ ನೋಡಿ, ಗಂಭೀರವಾಗಿ ಹೇಳಿದ: "ಅವರು ಇಲ್ಲಿಯವರ್ರಿ. ನೀವು ಹೊರಗಿನವ್ರು."

ಈ ಮಾತನ್ನು ಬೆಟಗೇರಿಯ ಓಣಿಯಲ್ಲಿ ಯಾವಾಗಲೋ ಕೇಳಿ ಮುಗಿಸಿದ್ದೆ. ಹಕ್ಕಿಯ ಮುಂದೆ ಕೇಳುವುದೊಂದು ಬಾಕಿ ಇತ್ತು.

ಸೋಮವಾರದ ಸೇವೆ

ತಮ್ಮ ಬರುವುದು ಹತ್ತಿರವಾಯಿತು. ಆಗ ಹೊಳೆಯಿತು, ಒಳ್ಳೆಯ ಜಾಗವನ್ನು ಹುಡುಕಬಾರದು, ಮಾಡಿಕೊಳ್ಳಬೇಕು. ಒಂದೇ ಕಡೆ ದಿನವೂ ತಿನಿಸು ಹಾಕಿದರೆ ಮೀನು ಅಲ್ಲಿಗೇ ರೂಢಿಯಾಗುತ್ತದೆ. ಕೊನೆಯ ದಿನ ತಿನಿಸಿನ ಒಳಗೆ ಗಾಳ ಇಟ್ಟರಾಯಿತು. ಅಸುಂಡಿ ಹಾದಿಯಲ್ಲಿ ಮೆಟ್ಟಿಲಿರುವ ಒಂದು ಸಣ್ಣ ಕೆರೆ ನೋಡಿಟ್ಟೆ. ಕಾಯುವವರನ್ನು ಕೇಳಿದರೆ "ಗಾಳ ಹಾಕ್ಕೋರಿ, ಬಲಿ ಬ್ಯಾಡ" ಎಂದರು. ಜೋಳದ ಹಿಟ್ಟಿಗೆ ಇಂಗು, ಬೆಳ್ಳುಳ್ಳಿ ಹಾಕಿ ನಾದಿದೆ. ಈ ಕಡೆಯ ಮೀನಿಗೂ ಸಪ್ಪೆ ನಡೆಯುವುದಿಲ್ಲ.

ಕಟ್ಟೆಯ ಮೇಲೆ ಕುಳಿತು ಉಂಡೆ ಕಟ್ಟುತ್ತಿದ್ದಾಗ ಎದುರುಮನೆಯ ಅಕ್ಕಾರು ಬಂದರು. ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಮನುಷ್ಯರು.

"ಏನ್ರಿ ಇದು? ಮೀನಿಗೆ ಹಾಕೂ ಸೇವಾ ಹಿಡದೀರೇನು?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿಬಿಟ್ಟರು: "ಹೌದ್ರಿ, ಹರಕಿ ಐತಿ. ಇಕಿ ತಮ್ಮ ಸುಖವಾಗಿ ಬರಲಿ ಅಂತ."

ಅಕ್ಕಾರ ಕಣ್ಣು ತುಂಬಿತು. ಮರುದಿನ ತಮ್ಮ ಮನೆಯ ಹಿಟ್ಟನ್ನೂ ತಂದು ನನ್ನ ಜೊತೆ ಹೊರಟರು. ಅದರ ಮರುದಿನ ಅವರ ಓರಗಿತ್ತಿ ಬಂದರು. ಸೋಮವಾರದ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಒಂದು ಟಂಟಂ ಗಾಡಿ ಮಾಡಿಕೊಂಡು, ಉಂಡೆಯ ಡಬ್ಬಿ ಹಿಡಿದು ಕೆರೆಗೆ ಇಳಿದರು. ಒಬ್ಬರು ಮೀನಿಗೆ ಶೇಂಗಾ ಹೋಳಿಗೆ ತಂದಿದ್ದರು. ಗಾಳದ ಕೋಲು ಮನೆಯ ಅಟ್ಟದಲ್ಲಿ ಉಳಿಯಿತು. ಯಾರೋ ಕಂಡು ಕೇಳಿದ್ದಕ್ಕೆ ಯಜಮಾನರು ಅದನ್ನು "ಜೇಡರಬಲಿ ತಗಿಯೂ ಕೋಲು" ಮಾಡಿದರು. ನನ್ನ ಗಂಡ ಇಷ್ಟು ಚುರುಕಾಗಿ ಸುಳ್ಳು ಹೇಳಬಲ್ಲರೆಂದು ಈ ವಯಸ್ಸಿನಲ್ಲಿ ತಿಳಿಯಿತು.

ತಮ್ಮ ಬಂದ. ಬಗಲಲ್ಲಿ ಒಣಮೀನಿನ ಗಂಟು.

"ಎಲ್ಲಿ ಅಕ್ಕಾ ಮೀನು?"

"ನಡಿ, ತೋರಿಸ್ತೇನೆ."

ಗಾಡಿಯಲ್ಲಿ ಹೆಂಗಸರ ನಡುವೆ ಅವನನ್ನೂ ಕೂರಿಸಿದೆವು. ಯಜಮಾನರು ಚೀಲ ಹಿಡಿದು ಗಾಡಿಯವನ ಪಕ್ಕ ಕುಳಿತರು. ಮನೆಯಲ್ಲಿ ಬಿಟ್ಟರೆ ಬೆಕ್ಕಿನ ಕಾಟ ಎಂದು ಒಣಮೀನಿನ ಗಂಟೂ ಅವನ ಮಡಿಲಲ್ಲೇ ಬಂತು. ಅಕ್ಕಾರು ದಾರಿಯುದ್ದಕ್ಕೂ ಮೂಗಿಗೆ ಸೆರಗು ಹಿಡಿದು, ಗಾಡಿಯವನಿಗೆ "ಗಾಡಿ ತೊಳಿಯೋ ಭಾಡ್ಯಾ" ಎಂದು ಬೈಯುತ್ತಿದ್ದರು.

ಕೆರೆಯ ಮೆಟ್ಟಿಲ ಮೇಲೆ ನಮ್ಮ ನೆರಳು ಬಿದ್ದದ್ದೇ ತಡ, ನೀರು ಕುದಿಯತೊಡಗಿತು. ಒಂದೊಂದು ಮೀನೂ ಮೊಳದುದ್ದ, ಹೋಳಿಗೆ ತಿಂದು ದುಂಡಗಾಗಿದ್ದವು. ಕಾಲ ಬೆರಳಿನ ಹತ್ತಿರ ಬಂದು ಬಾಯಿ ತೆರೆದು ನಿಂತವು. ತಮ್ಮನೂ ಬಾಯಿ ತೆರೆದು ನಿಂತ.

"ಅಕ್ಕಾ," ಎಂದು ಕಿವಿಯಲ್ಲಿ ಪಿಸುಗುಟ್ಟಿದ, "ಇಂಥಾ ಜಾಗ ನಾನು ಹುಟ್ಟಿದಾಗಿಂದ ಕಂಡದ್ದಿಲ್ಲ. ಗಾಳವೂ ಬೇಡ, ಬುಟ್ಟಿ ಇದ್ರೆ ಸಾಕು. ಹಿಡಿ ಮತ್ತೆ!"

ಅಷ್ಟರಲ್ಲಿ ಅಕ್ಕಾರು ಅವನ ಅಂಗೈಯಲ್ಲಿ ಎರಡು ಉಂಡೆ ಇಟ್ಟರು. "ಹಾಕ್ರಿ ತಮ್ಮಾರ. ನಿಮ್ಮ ಹೆಸರಿನ ಹರಕಿನ ಇದು." ತಲೆತಲಾಂತರದಿಂದ ಮೀನು ತಿಂದ ಮನೆಯ ಮಗ, ಮೊದಲ ಬಾರಿಗೆ ಮೀನಿಗೆ ತಿನ್ನಿಸಿದ. ಹೆಂಗಸರೆಲ್ಲ ಕೈ ಮುಗಿದರು.

ಅಕ್ಕಾರು ನನ್ನ ಹೆಗಲ ಮೇಲೆ ಕೈ ಇಟ್ಟು ಹೆಮ್ಮೆಯಿಂದ ಅವನಿಗೆ ಹೇಳಿದರು:

"ನಿಮ್ಮ ಅಕ್ಕಾರು ಖರೇನ ಪುಣ್ಯಾತಗಿತ್ತಿ ನೋಡ್ರಿ. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ, ಎಲ್ಲಾ ಕಡೆ ನೀರಿನ ದಂಡಿಗೆ ಹೋಗಿ ಬಂದಾರಂತ, ಇವರ ಯಜಮಾನ್ರು ಹೇಳಿದ್ರು. ಇವತ್ತಿನ ತನಕಾ ಇವರ ಕೈಯಿಂದ ಒಂದು ಮೀನಿಗೂ ತ್ರಾಸ ಆಗಿಲ್ಲ."

ತಮ್ಮ ನನ್ನ ಮುಖ ನೋಡಿದ. ಯಜಮಾನರ ಮುಖ ನೋಡಿದ. ಆಮೇಲೆ ಬಗಲಿನ ಗಂಟನ್ನು ಮೆಲ್ಲಗೆ ಅವರ ಚೀಲಕ್ಕೆ ದಾಟಿಸಿದ.

"ಇಟ್ಕೊಳ್ಳಿ ಭಾವಾ. ಮುಂದಿನ ಸಲ ಎರಡು ಗಂಟು ತರ್ತೆ."