ಐದನೇ ನಂಬರಿನ ಗೇರ್ ಎಣ್ಣೆ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ, ಮುಲುಂಡಿನ ಗುಡ್ಡದಿಂದ ಇಳಿಯುವ ರಸ್ತೆಯಲ್ಲಿ, ನಮ್ಮ ಭಾವನ ಕಾರು ಯಾವ ಗೇರಿನಲ್ಲೂ ಇರಲಿಲ್ಲ. ಸಮಯ ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ಪ್ರಾಣ ಹೋಗುವ ಹೊತ್ತಿನಲ್ಲಿ ಬೇರೆಯವರಿಗೆ ದೇವರು ನೆನಪಾದರೆ ನನಗೆ ಕೈಗಡಿಯಾರ ನೋಡಬೇಕೆನಿಸಿತು. ಜೂನಿಯರ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಕೆಮಿಸ್ಟ್ರಿ ಕಲಿಸಿ, ಪರೀಕ್ಷೆಯ ಹಾಲಿನಲ್ಲಿ ಗಡಿಯಾರ ನೋಡುತ್ತಲೇ ಮುದುಕನಾದವನು ನಾನು. ಪೇಪರು ಮುಗಿಯಲು ಎಷ್ಟು ನಿಮಿಷ ಉಳಿದಿದೆ ಎಂದು ನೋಡುವ ಚಾಳಿ ಅಲ್ಲಿಯೂ ಬಿಡಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ ಸದಾನಂದ. ಉಡುಪಿ ಕಡೆಯಿಂದ ಬಂದು ಘಾಟ್ಕೋಪರಿನಲ್ಲಿ ಹೋಟೆಲು ನಡೆಸುತ್ತಾರೆ. ಒಂದು ಕಾಲದಲ್ಲಿ ಮುಂಬೈಯ ಟ್ಯಾಕ್ಸಿಗಳೆಲ್ಲ ಯಾವ ಆಕಾರದಲ್ಲಿದ್ದವೋ ಅದೇ ಆಕಾರದ ಹಳೆಯ ಕಾರೊಂದನ್ನು ಹುಡುಕಿ ತಂದು, ಅದಕ್ಕೆ ಹಾಲುಕೆನೆಯ ಬಣ್ಣ ಬಳಿಸಿ, ಮಗಳನ್ನು ಮದುವೆಯ ಹಾಲಿಗೆ ಅದರಲ್ಲೇ ಕರೆದೊಯ್ಯುತ್ತೇನೆಂದು ಹಟ ಹಿಡಿದಿದ್ದರು. ಮಗಳು ಹಿಂದಿಯಲ್ಲಿ, "ಪಪ್ಪಾ, ಏಸಿವಾಲಿ ಗಾಡಿ ಬುಕ್ ಕರೋ ನಾ" ಎಂದು ಬೇಡಿಕೊಂಡದ್ದು ಬೇರೆ ಮಾತು. ಕಾರಿನ ಕೆಲಸವೆಲ್ಲ ಜೋಗೇಶ್ವರಿಯ ಒಬ್ಬ ಮುದುಕ ಮೆಕ್ಯಾನಿಕ್‌ನದು. ಎಲ್ಲರೂ ಅವನನ್ನು ಚಾಚಾ ಎನ್ನುತ್ತಾರೆ. ಭಾವನ ಹೋಟೆಲಿನ ಮೂರು ಟೆಂಪೊಗಳೂ ರಿಪೇರಿಗೆ ಅವನಲ್ಲಿಗೇ ಹೋಗುತ್ತವೆ. ಅವನ ಗ್ಯಾರೇಜಿಗೆ ಅನ್ನ ಬರುವುದೇ ಇಂಥ ಹೋಟೆಲಿನವರಿಂದ.

ಈಗ ತಪ್ಪೊಪ್ಪಿಗೆ. ಗುಡ್ಡದಲ್ಲಿ ನಡೆದದ್ದು ನಿಜವಾಗಿ ಶುರುವಾದದ್ದು ಒಂಬತ್ತು ದಿನ ಮೊದಲು, ಎಣ್ಣೆಯಂಗಡಿಯ ಕೌಂಟರಿನಲ್ಲಿ. ಚಾಚಾ ಒಂದು ಚೀಟಿ ಕೊಟ್ಟಿದ್ದ: ಮುಂದಿನ ಗೇರ್‌ಬಾಕ್ಸಿಗೆ ಜಿಎಲ್ ನಾಲ್ಕನೇ ನಂಬರಿನ ಗೇರ್ ಎಣ್ಣೆ, ಹಿಂದಿನ ಆಕ್ಸೆಲಿಗೆ ಜಿಎಲ್ ಐದನೇ ನಂಬರಿನದು. ಅಂಗಡಿಯವನು ನಾಲ್ಕು ಇಲ್ಲ, ಬುಧವಾರ ಬನ್ನಿ ಎಂದ.

"ನೀವು ಕೆಮಿಸ್ಟ್ರಿ ಕಲಿತವರಲ್ವಾ ಮಾರಾಯ್ರೆ, ಎಂತ ವ್ಯತ್ಯಾಸ ಇದಕ್ಕೆ?" ಎಂದು ಸದಾನಂದ ಕೇಳಿದರು.

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಆ ಮನೆಯಲ್ಲಿ ಎಲ್ಲರೂ ಹೋಟೆಲು ಕಟ್ಟಿದವರು, ನಾನೊಬ್ಬನೇ ಡಿಗ್ರಿ ಕಟ್ಟಿಕೊಂಡವನು. ಡಬ್ಬಿಯನ್ನು ತಿರುಗಿಸಿ ನೋಡಿ, ಕನ್ನಡಕ ಸರಿಪಡಿಸಿ, "ಐದು ಸಿಗುವಾಗ ನಾಲ್ಕು ಯಾಕೆ? ಐದೆಂದರೆ ಹೊಸ ತಲೆಮಾರಿನದು. ಎರಡಕ್ಕೂ ಅದನ್ನೇ ಹಾಕಿಸಿ" ಎಂದೆ. ಅಂಕ ಹೆಚ್ಚಿದ್ದವನೇ ಜಾಣ ಎಂದು ಜೀವಮಾನವಿಡೀ ನಂಬಿದವನಿಂದ ಇನ್ನೇನು ಹೊರಡೀತು?

ಭಾವನಿಗೆ ಖುಷಿಯೋ ಖುಷಿ. ಒಂದೇ ಸಾಮಾನು ಎಂದಾದರೆ ದೊಡ್ಡ ಡ್ರಮ್ಮು ತರಬಹುದಲ್ಲ! ಹೋಟೆಲಿನವರ ಕೈಯೇ ಹಾಗೆ. ಏನು ತಂದರೂ ದೊಡ್ಡ ಟಿನ್ನಿನಲ್ಲಿ ತಂದು, ಸಣ್ಣ ಕ್ಯಾನುಗಳಿಗೆ ಬಗ್ಗಿಸಿ, ಮೇಲೆ ಚೀಟಿ ಅಂಟಿಸಿದರೇ ಅವರಿಗೆ ಸಮಾಧಾನ. ಅಡುಗೆ ಭಟ್ಟರಿಂದ ಎರಡು ಖಾಲಿ ತೆಂಗಿನೆಣ್ಣೆ ಕ್ಯಾನು ತೊಳೆಸಿ, ಗೇರ್ ಎಣ್ಣೆ ತುಂಬಿ, ಒಂದಕ್ಕೆ 'ಮುಂದೆ' ಇನ್ನೊಂದಕ್ಕೆ 'ಹಿಂದೆ' ಎಂದು ಬರೆಸಿದರು. ಒಳಗಿದ್ದದ್ದು ಒಂದೇ.

ಚಾಚಾ 'ಮುಂದೆ' ಕ್ಯಾನಿನ ಮುಚ್ಚಳ ತೆಗೆದು ಮೂಸಿದ. ಮುಖ ಕಿವುಚಿ, "ಪ್ರೊಫೆಸರ್ ಸಾಬ್, ಚಿಟ್ಠಿ ಮೇ ಜೋ ಲಿಖಾ ಥಾ, ವಹೀ ಹೈ ನಾ?" ಎಂದು ಕೇಳಿದ. ಚೀಟಿಯಲ್ಲಿ ಬರೆದದ್ದೇ ಹೌದೆಂದು ನಾನು ತಲೆಯಾಡಿಸಿದೆ. ಆ ತಲೆಯಾಡಿಸುವಿಕೆಗೆ ಅರ್ಧ ಸೆಕೆಂಡು ಸಾಕಾಯಿತು. ಅದನ್ನು ಮರೆಯಲು ಹನ್ನೊಂದು ರಾತ್ರಿಯೂ ಸಾಲಲಿಲ್ಲ.

ಮೊದಲ ದಿನದಿಂದಲೇ ಗೇರು ಕರ್ರೆಂದು ಹಲ್ಲು ಕಡಿಯುತ್ತಿತ್ತು. "ಹೊಸ ಎಣ್ಣೆ, ಪಳಗಬೇಕು" ಎಂದು ಅದಕ್ಕೂ ನಾನೇ ವೈಜ್ಞಾನಿಕ ಕಾರಣ ಕೊಟ್ಟೆ. ಆ ಭಾನುವಾರ ಗುಡ್ಡದ ಮೇಲಿನ ನೆಂಟರಿಗೆ ಕಾರು ತೋರಿಸಿ ಇಳಿಯುತ್ತಿದ್ದೆವು. ಇಳಿಜಾರು ಕಡಿದಾದಾಗ ಭಾವ ಮೂರನೇ ಗೇರು ಬಿಡಿಸಿ ಎರಡಕ್ಕೆ ಹಾಕಹೋದರು. ಮೂರು ಬಿಟ್ಟಿತು, ಎರಡು ಹಿಡಿಯಲಿಲ್ಲ. ಕಾರು ಸ್ವತಂತ್ರವಾಯಿತು.

"ಬ್ರೇಕು!" ಎಂದೆ.

"ಒತ್ತಿಯೇ ಉಂಟು ಮಾರಾಯ್ರೆ! ಈ ಮುದಿ ಬ್ರೇಕು ಹಿಡಿಯಬೇಕಲ್ಲ!"

ಕೆಳಗೆ ಶೇರ್ ಆಟೋಕ್ಕೆ ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದರು. ಭಾವ ಒಂದು ಕೈಯಲ್ಲಿ ಹಾರ್ನ್ ಒತ್ತುತ್ತಿದ್ದರು, ಇನ್ನೊಂದರಲ್ಲಿ ಗೇರಿನ ಕೋಲನ್ನು ಮೀನು ಹುರಿಯುವ ಸಟ್ಟುಗದಂತೆ ತಿರುವುತ್ತಿದ್ದರು. ಸ್ಟೀರಿಂಗನ್ನು ಯಾರು ಹಿಡಿದಿದ್ದರೆಂದು ನನಗೆ ಇಂದಿಗೂ ಸ್ಪಷ್ಟವಿಲ್ಲ. ಕಡೆಗೆ ಕಾರು, ಕಟ್ಟುತ್ತಿದ್ದ ಬಿಲ್ಡಿಂಗೊಂದರ ಮುಂದೆ ಸುರಿದಿದ್ದ ಮರಳಿನ ರಾಶಿಗೆ ಮೂಗು ತೂರಿಸಿ ನಿಂತಿತು. ಸಾಲಿನ ಕೊನೆಯಲ್ಲಿದ್ದ ಹೆಂಗಸಿಗೂ ನಮಗೂ ನಡುವೆ ಒಂದು ಮಾರು ಜಾಗ. ಆಕೆ ಕಿಟಕಿಯಲ್ಲಿ ಬಗ್ಗಿ, "ಕಾಯ್ ಕಾಕಾ, ಮರಾಯ್ಚಂ ಅಸೇಲ್ ತರ್ ಏಕಟೇ ಮರಾ ನಾ!" ಎಂದಳು. ಸಾಯುವುದಿದ್ದರೆ ನೀವೇ ಸಾಯಿರಿ, ನಾವೇಕೆ ಎಂಬ ಆಕೆಯ ಪ್ರಶ್ನೆ ನ್ಯಾಯವಾದದ್ದೇ.

ಸಂಜೆಯೊಳಗೆ ಭಾವ ತೀರ್ಪು ಕೊಟ್ಟಿದ್ದರು. "ಚಾಚಾನಿಗೆ ವಯಸ್ಸಾಯ್ತು. ಗೇರ್‌ಬಾಕ್ಸ್ ಕೆಡಿಸಿ ಹಾಕಿದ. ನಾಳೆಯಿಂದ ನಮ್ಮ ಟೆಂಪೊ ಅವನಲ್ಲಿಗೆ ಹೋಗೂದಿಲ್ಲ." ಅಷ್ಟಕ್ಕೇ ನಿಲ್ಲದೆ, ಪರಿಚಯದ ಹೋಟೆಲಿನವರಿಗೆಲ್ಲ ಫೋನು ಹಚ್ಚಿದರು. ನಾನು ಪಕ್ಕದಲ್ಲೇ ಕುಳಿತು ಕಾಫಿ ಕುಡಿದೆ.

ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಇಳಿಜಾರು, ಆ ಸಾಲು, ಆ ಹೆಂಗಸು. ಕನಸಿನಲ್ಲಿ ನಾನು ಬ್ರೇಕು ಒತ್ತಿದರೆ ಒದೆ ಬೀಳುತ್ತಿದ್ದದ್ದು ಹೆಂಡತಿಯ ಮೊಣಕಾಲಿಗೆ. ಆಕೆ ತಲೆದಿಂಬು ಎತ್ತಿಕೊಂಡು ಹಾಲಿಗೆ ವರ್ಗವಾದಳು. ಒಂದು ವಾರ ಕಳೆದ ಮೇಲೆ, ಕಾಲೇಜಿನ ಲೈಬ್ರರಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಗೇರ್ ಎಣ್ಣೆಯ ಬಗ್ಗೆ ಓದಿದೆ. ಗೇರ್‌ಬಾಕ್ಸಿನೊಳಗೆ ಹಿತ್ತಾಳೆಯ ಬಳೆಗಳಿರುತ್ತವೆ. ಗೇರುಗಳನ್ನು ಉಜ್ಜಿ ಹಿಡಿದು ಒಂದೇ ವೇಗಕ್ಕೆ ತರುವುದು ಅವುಗಳ ಕೆಲಸ. ಐದನೇ ನಂಬರಿನ ಎಣ್ಣೆಯಲ್ಲಿ ಅವು ಜಾರುತ್ತವೆ. ಹೆಚ್ಚು ಕಾಲ ಬಿಟ್ಟರೆ ಅದರೊಳಗಿನ ಗಂಧಕ ಹಿತ್ತಾಳೆಯ ತಾಮ್ರವನ್ನೇ ತಿನ್ನುತ್ತದೆ. ಗಂಧಕ ತಾಮ್ರವನ್ನು ತಿನ್ನುತ್ತದೆಂದು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.

ಹನ್ನೊಂದು ರಾತ್ರಿ ಕಳೆದ ಮೇಲೆ, ಗುರುವಾರ, ಭಾವನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಗಲ್ಲಾಪೆಟ್ಟಿಗೆ ಮುಚ್ಚಿದರು. "ಚಾಚಾ ಕೇಳಿದನಾ?"

"ಕೇಳಿದ."

"ನೀವು?"

"ತಲೆಯಾಡಿಸಿದೆ."

"ಎಂಥಾ ಜನ ಮಾರಾಯ್ರೆ ನೀವು!" ಎಂದು ಎದ್ದರು.

ಇಬ್ಬರೂ ಜೋಗೇಶ್ವರಿಗೆ ಹೋದೆವು. ಗ್ಯಾರೇಜಿನಲ್ಲಿ ಒಂದೂ ಗಾಡಿ ಇರಲಿಲ್ಲ. ನಾನು ಕ್ಷಮೆ ಕೇಳಿದಾಗ ಚಾಚಾ ಕೈ ಒರೆಸಿಕೊಳ್ಳುತ್ತ ಹಿಂದಿಯಲ್ಲಿ, "ಮೂಗಿಗೆ ಅನುಮಾನ ಬಂದಿತ್ತು ಸಾಬ್. ನಿಮ್ಮ ಓದಿಗೆ ಮರ್ಯಾದೆ ಕೊಟ್ಟು ಮೂಗಿಗೆ ಸುಮ್ಮನಿರು ಎಂದೆ" ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಶುಕ್ರವಾರ ಹಳೆಯ ಎಣ್ಣೆ ಬಸಿದು, ನಾಲ್ಕನೇ ನಂಬರನ್ನು ಅಂಗಡಿಯ ಸೀಲು ಒಡೆದೇ ಹಾಕಿದ. ಬಳೆಗಳು ಉಳಿದಿದ್ದವು. ಎರಡನೇ ಗೇರು ಬೆಣ್ಣೆಯಂತೆ ಬಿತ್ತು. ಭಾವ ಅಲ್ಲಿಯೇ ನಿಂತು ಮೊದಲಿನ ಎಲ್ಲ ಹೋಟೆಲಿನವರಿಗೆ ಮತ್ತೆ ಫೋನು ಮಾಡಿ ಚಾಚಾನ ಹೆಸರು ತೊಳೆದರು. ತೊಳೆದ ಕೊಳೆಯನ್ನು ಎಲ್ಲಾದರೂ ಸುರಿಯಬೇಕಲ್ಲ, ನನ್ನ ಹೆಸರಿನ ಮೇಲೆ ಸುರಿದರು. ಈಗ ಘಾಟ್ಕೋಪರಿನ ಯಾವ ಹೋಟೆಲಿನಲ್ಲಿ ಕುಳಿತರೂ ಮಾಣಿ ಕೇಳುತ್ತಾನೆ: "ಸಾರ್, ನಿಮ್ಮ ವಡೆ ನಾಲ್ಕರಲ್ಲಿ ಕರೀಲಾ, ಐದರಲ್ಲಾ?"

ಶನಿವಾರ ನಾನು ಹಾಸಿಗೆಗೆ ಬಿದ್ದವನು ಎದ್ದದ್ದು ಭಾನುವಾರ ಬೆಳಕು ಹರಿದ ಮೇಲೆಯೇ. ನಡುವೆ ಒಮ್ಮೆಯೂ ಎಚ್ಚರವಿಲ್ಲ. ಮನಸ್ಸು ಎಷ್ಟು ಹಗುರವಾಗಿತ್ತೆಂದರೆ, ಹಲ್ಲುಜ್ಜಿ ಮುಗಿಸುವುದರೊಳಗೆ, ಆ ಕಾರಿನ ಬ್ರೇಕಿಗೆ ಯಾವ ಎಣ್ಣೆ ಹಾಕಬೇಕೆಂಬ ಬಗ್ಗೆ ನನಗೊಂದು ಖಚಿತವಾದ ಅಭಿಪ್ರಾಯ ಮೂಡಿಬಿಟ್ಟಿತ್ತು.