ಬಟಾಣಿಯ ಬಾಯಿ ಕಟ್ಟಿದ ದಿನ

ಆ ದಿನದ ರಗಳೆಗೆಲ್ಲ ಮೂಲ ಒಂದು ಕಾಲುಚೀಲ.

ಒಗೆದು ಹಗ್ಗದ ಮೇಲೆ ಹಾಕಿದ್ದ ಕಂಡಕ್ಟರನ ಕಾಲುಚೀಲ ಬೆಳಗಿನ ಗಾಳಿಗೆ ಒಮ್ಮೆ ಸುಮ್ಮನೆ ಅಲುಗಿತು. ಅಷ್ಟೇ. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಕೂತು ಇಡೀ ಬೀದಿಯನ್ನು ಕಾಯುತ್ತಿದ್ದ ಬಟಾಣಿಗೆ ಅದನ್ನು ಸಹಿಸಲಾಗಲಿಲ್ಲ. ಎದ್ದು ನಿಂತು, ಬಾಲ ನೆಟ್ಟಗೆ ಮಾಡಿ, ಒಂದೇ ಉಸಿರಿಗೆ ಬೊಗಳಲು ಶುರು ಮಾಡಿತು.

ಬಟಾಣಿ ಅಂದರೆ ಅವರ ಮನೆಯ ನಾಯಿ. ಗಾತ್ರದಲ್ಲಿ ಟೀ ಕೆಟಲಿಗಿಂತ ಒಂಚೂರು ದೊಡ್ಡದು. ಸದ್ದು ಮಾತ್ರ ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದ ಹಾಗೆ. ಪೇಪರ್ ಬಿದ್ದರೆ ಬೊಗಳುತ್ತಿತ್ತು, ಪಕ್ಕದ ಮನೆಯವರು ಸೀನಿದರೆ ಬೊಗಳುತ್ತಿತ್ತು. ತನ್ನದೇ ಬಾಲ ಬಾಗಿಲಿಗೆ ತಾಗಿ ಟಪ್ ಎಂದರೆ, ಯಾರೋ ಬಂದರೆಂದು ಅದಕ್ಕೂ ಬೊಗಳುತ್ತಿತ್ತು.

"ಏಯ್! ಸುಮ್ನಿರೇ!" ಎಂದು ಕಂಡಕ್ಟರ ಹಾಸಿಗೆಯಿಂದಲೇ ಕೂಗಿದ.

ಅವನ ಗಂಟಲೂ ಸಾಮಾನ್ಯದ್ದಲ್ಲ. ಇಂಜಿನ್ನು, ಹಾರನ್ನು, ಸೀಟಿಗಾಗಿ ಜಗಳವಾಡುವ ಜನ ಎಲ್ಲವನ್ನೂ ದಾಟಿ ಹಿಂದಿನ ಬಾಗಿಲಿನಿಂದ ಡ್ರೈವರನ ಕಿವಿ ಮುಟ್ಟಬೇಕಾದ ಗಂಟಲು ಅದು. ಮನೆಯಲ್ಲಿ ಅವನು "ಉಪ್ಪು ಕೊಡು" ಎಂದರೆ ಎದುರು ಮನೆಯ ಟೈಲರ್ ತನ್ನ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದ. ವಾರಕ್ಕೊಮ್ಮೆ ಸಿಗುವ ರಜೆಯ ದಿನ ಬಾಯಿಗೂ ರಜೆ ಕೊಡಬೇಕೆಂದು ಪಾಪ ಅವನಿಗೆ ಬಹಳ ಆಸೆ. ಆದರೆ ಬಟಾಣಿ ಬಿಡಬೇಕಲ್ಲ.

ನಾಯಿ ಬೊಗಳಿತು, ಅವನು ಕೂಗಿದ. ಅವನು ಕೂಗಿದ್ದಕ್ಕೆ ನಾಯಿ ಮತ್ತಷ್ಟು ಹುರುಪಿನಿಂದ ಬೊಗಳಿತು. ಅಷ್ಟರಲ್ಲಿ ಮಹಡಿಯಿಂದ ಚಪ್ಪಲಿಯ ಸದ್ದು ಇಳಿದು ಬಂತು. ಬಾಗಿಲು ತೆರೆದರೆ ಓನರಮ್ಮ.

"ಕಂಡಕ್ಟರೇ, ಕೆಳಗಡೆ ಮನೇಲಿ ಹಸುಗೂಸಿದೆ ಅನ್ನೋ ಜ್ಞಾನ ಇದೆಯಾ ನಿಮಗೆ?"

"ಇದೆ ಅಮ್ಮ. ಮೊನ್ನೆ ತಾನೇ ಆಸ್ಪತ್ರೆಯಿಂದ ಕರ್ಕೊಂಡು ಬಂದ್ರಲ್ಲ."

"ಆ ಬಾಣಂತಿ ಗತಿ ಏನಾಗ್ಬೇಕು? ಮಗು ಗತಿ ಏನಾಗ್ಬೇಕು?"

"ಅವರೇನಾದ್ರೂ ಹೇಳಿದ್ರಾ ಅಮ್ಮ?"

"ಅವಳು ಹೇಳ್ತಾಳಾ? ಬಾಯಲ್ಲಿ ಬೆರಳಿಟ್ರೂ ಕಚ್ಚದ ಹುಡುಗಿ. ಅವಳು ಹೇಳದೇ ಇದ್ದಿದ್ದಕ್ಕೇ ನಾನು ಬಂದು ಹೇಳ್ತಿರೋದು." ಓನರಮ್ಮ ಬೆರಳೆತ್ತಿದರು. "ನೋಡಿ, ಸಂಜೆ ಬಂದು ಬೆಲ್ ಒತ್ತುತೀನಿ. ಇದು ಒಂದು ಸಲ 'ಬೌ' ಅಂದ್ರೂ ನಾಳೆಯಿಂದ ಈ ಮನೇಲಿ ಇರಕೂಡದು."

"ಬೌ" ಎಂದಿತು ಬಟಾಣಿ, ಕಂಡಕ್ಟರನ ಕಾಲುಗಳ ಸಂದಿಯಿಂದ.

ಓನರಮ್ಮ ಹೋದ ಮೇಲೆ ಕಂಡಕ್ಟರ ಒಳಗೆ ಬಂದು ನೋಡಿದರೆ ಹೆಂಡತಿ ಮಂಚದ ಮೇಲೆ ಬ್ಯಾಗ್ ತೆರೆದಿಟ್ಟು ಬಟ್ಟೆ ಮಡಿಸುತ್ತಿದ್ದಳು.

"ಇದೇನೇ?"

"ಇನ್ನೇನು? ಬಟಾಣೀನ ನಮ್ಮಣ್ಣನ ಮನೆಗೆ ಕಳಿಸಬೇಕಾಗತ್ತೆ. ಅವಳೊಬ್ಬಳೇ ಹೋಗಿ ಹೇಗಿರ್ತಾಳೆ? ನಾನೂ ಹೋಗ್ತೀನಿ."

"ನನ್ನ ಬಿಟ್ಟು?"

"ನೀವು ದಿನಾ ಬೆಳಗಾದ್ರೆ ಬಸ್ಸು ಹತ್ತಿ ಹೋಗ್ತೀರಿ. ನಿಮಗೆ ಬಸ್ಸು ತುಂಬ ಜನ. ನನಗೆ ಈ ನಾಲ್ಕು ಗೋಡೆ. ಇವಳು ಬಂದ ಮೇಲೆ ತಾನೇ ನಾನು ಒಬ್ಬರ ಹತ್ರ ಮಾತಾಡೋಕೆ ಶುರು ಮಾಡಿದ್ದು? ನಾನೊಂದು ಹೇಳಿದ್ರೆ ಅವಳು ಒಂಬತ್ತು ಹೇಳ್ತಾಳೆ. ಆ ಸದ್ದೂ ಇಲ್ದೆ ಈ ಮನೇಲಿ ನನ್ನಿಂದಾಗಲ್ಲ ರೀ."

ಅವಳು ಕೋಪದಿಂದ ಹೇಳಿದ್ದರೆ ಅವನೂ ಕೋಪ ಮಾಡಿಕೊಳ್ಳಬಹುದಿತ್ತು. ಅವಳು ಅವನ ಟವೆಲನ್ನು ಮಡಿಸಿ ಅವನಿಗೇ ಸಿಗುವ ಹಾಗೆ ಕಪಾಟಿನಲ್ಲಿಟ್ಟು, ಮೆಲ್ಲಗೆ ಹೇಳಿದ್ದಳು. ಕಂಡಕ್ಟರ ಬಂದು ಬ್ಯಾಗಿನ ಮೇಲೆ ಕೈಯಿಟ್ಟ.

"ಬ್ಯಾಗ್ ಮುಚ್ಚು. ಸಂಜೆಯೊಳಗೆ ಇವಳ ಬಾಯಿ ಕಟ್ಟಿಸ್ತೀನಿ" ಎಂದ.

ಅವನು ಯಾರನ್ನೂ ಸಲಹೆ ಕೇಳಲಿಲ್ಲ. ಆದರೂ ಮೊದಲ ಸಲಹೆ ಬಾಗಿಲಿಗೇ ಬಂತು. ಎದುರು ಮನೆಯ ಟೈಲರ್ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಒಳಗೆ ಬಂದ. "ಎಲ್ಲಾ ಕೇಳಿಸ್ತು ಗುರುವೇ. ಬಿಸ್ಕತ್ತು ಕೊಡಿ. ಬಾಯಲ್ಲಿ ಬಿಸ್ಕತ್ತಿದ್ರೆ ಹೇಗೆ ಬೊಗಳತ್ತೆ? ನನ್ನ ಬಾಯಲ್ಲಿ ಗುಂಡುಸೂಜಿ ಇರೋವಾಗ ನಾನು ಮಾತಾಡ್ತೀನಾ?"

ಮಾತು ಸರಿಯೆನಿಸಿತು. ಬಟಾಣಿ ಬೊಗಳಿದೊಡನೆ ಕಂಡಕ್ಟರ ಓಡಿ ಹೋಗಿ ಒಂದು ಬಿಸ್ಕತ್ತು ಕೊಟ್ಟ. ಬಟಾಣಿ ತಿಂದು, ತುಟಿ ನೆಕ್ಕಿ, ಅವನ ಮುಖ ನೋಡಿತು. ಮತ್ತೆ ಬೊಗಳಿತು. ಮತ್ತೊಂದು ಬಿಸ್ಕತ್ತು. ಸ್ವಲ್ಪ ಹೊತ್ತಿನಲ್ಲೇ ಬಟಾಣಿ ಕಿಟಕಿಯ ಕಡೆ ನೋಡುವುದನ್ನೂ ಬಿಟ್ಟಿತು. ನೇರವಾಗಿ ಡಬ್ಬಿಯ ಮುಂದೆ ಕೂತು, ಹೋಟೆಲಿನಲ್ಲಿ ಆರ್ಡರ್ ಕೊಡುವವರ ಹಾಗೆ, ಒಂದು ಸಲ ಬೊಗಳಿ ಕಾಯತೊಡಗಿತು.

"ರೀ, ನೀವು ಅವಳಿಗೆ ಸುಮ್ನಿರೋದು ಕಲಿಸ್ತಿಲ್ಲ" ಎಂದಳು ಹೆಂಡತಿ. "ಅವಳು ನಿಮಗೆ ಬಿಸ್ಕತ್ತು ಕೊಡೋದು ಕಲಿಸ್ತಿದ್ದಾಳೆ."

ಟೈಲರ್ ಸೋಲೊಪ್ಪುವವನಲ್ಲ. "ಹಾಗಾದ್ರೆ ಕಿಟಕಿ ಮುಚ್ಚಿ. ಕಣ್ಣಿಗೆ ಏನೂ ಬೀಳದಿದ್ರೆ ಬೊಗಳೋದು ಯಾರಿಗೆ?" ಎಂದು ತನ್ನ ಮನೆಯಿಂದ ದಪ್ಪ ಕಪ್ಪು ಬಟ್ಟೆ ತಂದು ತಾನೇ ಕಿಟಕಿಗಳಿಗೆಲ್ಲ ಹೊಡೆದ. ಮನೆ ಹಗಲಲ್ಲೇ ಕತ್ತಲಾಯಿತು. ಬಟಾಣಿ ನಿಜವಾಗಿಯೂ ಸುಮ್ಮನಾಯಿತು. ಆ ಸಂತೋಷದಲ್ಲಿ ನೀರು ಕುಡಿಯಲು ಎದ್ದ ಕಂಡಕ್ಟರ ಮೇಜಿನ ಕಾಲಿಗೆ ಹೆಬ್ಬೆರಳು ಹೊಡೆದುಕೊಂಡು "ಅಯ್ಯಯ್ಯಪ್ಪೋ!" ಎಂದು ಕಿರುಚಿದ. ಕತ್ತಲಲ್ಲಿ ಯಾರೋ ಮನೆಗೆ ನುಗ್ಗಿದರೆಂದು ಬಟಾಣಿ ಅವನ ಪೈಜಾಮಕ್ಕೆ ಬಾಯಿ ಹಾಕಿತು.

"ಪೈಜಾಮ ಕೊಡಿ, ಹೊಲಿದು ಕೊಡ್ತೀನಿ" ಎಂದ ಟೈಲರ್. ಸಲಹೆ ಕೊಟ್ಟ ತಪ್ಪಿಗೆ ಅವನು ಮಾಡಿದ ಪ್ರಾಯಶ್ಚಿತ್ತ ಅಷ್ಟೇ.

ಕೊನೆಗೆ ಹೆಂಡತಿಯೇ ನಾಯಿಗೆ ಸೂಜಿ ಚುಚ್ಚುವ ಡಾಕ್ಟರಿಗೆ ಫೋನ್ ಹಚ್ಚಿ ಗಂಡನ ಕೈಗಿಟ್ಟಳು.

"ಡಾಕ್ಟ್ರೇ! ನಮ್ಮ ಬಟಾಣಿ ಬೊಗಳೋದು ನಿಲ್ಲಿಸ್ತಿಲ್ಲ! ಏನ್ ಮಾಡ್ಲಿ?"

"ನೀವು ಬಸ್‌ಸ್ಟ್ಯಾಂಡಿಗೆ ಹೋಗಿದ್ದೀರಾ? ಅಲ್ಲಿಂದ ಸ್ವಲ್ಪ ದೂರ ಬಂದು ಮಾತಾಡಿ. ತುಂಬ ಗಲಾಟೆ."

"ಇಲ್ಲ ಡಾಕ್ಟ್ರೇ, ಮನೇಲೇ ಇದೀನಿ! ಗಲಾಟೆ ಏನೂ ಇಲ್ಲ! ನಾನೊಬ್ಬನೇ ಮಾತಾಡ್ತಿರೋದು!"

"ಅದು ಬೊಗಳಿದಾಗ ನೀವೇನು ಮಾಡ್ತೀರಿ?"

"ಸುಮ್ನಿರು ಅಂತ ಹೇಳ್ತೀನಿ!"

"ಹೀಗೇ ಹೇಳ್ತೀರಾ?"

"ಇನ್ನೂ ಸ್ವಲ್ಪ ಗಟ್ಟಿಯಾಗಿ!"

"ನೋಡಿ, ನೀವು ಕೂಗಿದ್ರೆ ನೀವೂ ಜೊತೆಗೆ ಬೊಗಳ್ತಿದ್ದೀರಿ ಅಂತ ಅದು ತಿಳ್ಕೊಳ್ಳತ್ತೆ. ಯಜಮಾನರೇ ಬೊಗಳ್ತಿದ್ದಾರೆ ಅಂದ್ರೆ ಏನೋ ದೊಡ್ಡದೇ ಆಗಿರಬೇಕು ಅಂತ ಇನ್ನೂ ಜಾಸ್ತಿ ಮಾಡತ್ತೆ. ಮೆಲ್ಲಗೆ ಹೇಳಿ. ಪಿಸುಗುಟ್ಟಿ. ಬೊಗಳೋವಾಗ ತಿನ್ನೋಕೆ ಕೊಡಬೇಡಿ, ಸುಮ್ನಾದ ಮೇಲೆ ಕೊಡಿ. ಯಾರ ಕೈಲಾದ್ರೂ ಬೆಲ್ ಒತ್ತಿಸಿ ಅಭ್ಯಾಸ ಮಾಡಿಸಿ. ಒಂದೇ ದಿನದಲ್ಲಿ ಆಗಲ್ಲ, ತಾಳ್ಮೆ ಬೇಕು."

ಆದರೆ ಕಂಡಕ್ಟರನ ಹತ್ತಿರ ಇದ್ದದ್ದು ಒಂದೇ ದಿನ. ಅದರಲ್ಲೂ ಅರ್ಧ ಕಳೆದಿತ್ತು.

ಬೆಲ್ ಒತ್ತುವ ಕೆಲಸವನ್ನು ಟೈಲರ್ ತಾನೇ ವಹಿಸಿಕೊಂಡ. ಟ್ರಿಣ್! ಬಟಾಣಿ ಬಾಗಿಲಿಗೆ ಹಾರಿತು. ಕಂಡಕ್ಟರನ ಬಾಯಿ ಅಭ್ಯಾಸಬಲದಿಂದ ದೊಡ್ಡದಾಗಿ ತೆರೆದುಕೊಂಡಿತು. ಹೆಂಡತಿ ಅಂಗೈಯಿಂದ ಅದನ್ನು ಮುಚ್ಚಿದಳು. ಅವನು ಮಂಡಿಯೂರಿ, ಕತ್ತಿನ ನರಗಳೆಲ್ಲ ಉಬ್ಬುವಂತೆ ತಡೆದುಕೊಂಡು, ಜೀವಮಾನದಲ್ಲೇ ಮೊದಲ ಸಲ ಪಿಸುಗುಟ್ಟಿದ. "ಸುಮ್ನಿರಮ್ಮ ಪುಟ್ಟಿ."

ಬಟಾಣಿ ಬೊಗಳುವುದನ್ನು ಅರ್ಧಕ್ಕೇ ಬಿಟ್ಟು ಅವನ ಮುಖ ನೋಡಿತು. ಈ ಮನುಷ್ಯನಿಗೆ ಮೈ ಸರಿಯಿಲ್ಲವೇ ಎಂಬಂತೆ ಹತ್ತಿರ ಬಂದು ಅವನ ಗಲ್ಲ ಮೂಸಿತು. ಸುಮ್ಮನಾಯಿತು! ಹೆಂಡತಿ ಬಿಸ್ಕತ್ತಿನ ಚೂರು ಕೊಟ್ಟಳು.

ಟ್ರಿಣ್. ಪಿಸುಮಾತು. ಚೂರು. ಟ್ರಿಣ್. ಪಿಸುಮಾತು. ಚೂರು. ಟೈಲರನ ಬೆರಳು ನೋಯುವ ಹೊತ್ತಿಗೆ ಬಟಾಣಿ ಬೆಲ್ ಕೇಳಿದರೆ ಬಾಗಿಲಿಗೆ ಹೋಗುವುದನ್ನೇ ಬಿಟ್ಟು ಚಾಪೆಯ ಮೇಲೆ ಕೂತು ಬಾಲ ಆಡಿಸತೊಡಗಿತು. ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ನಡೆದರು, ಸನ್ನೆಯಲ್ಲಿ ಮಾತಾಡಿದರು. ಗಡಿಯಾರ ಸದ್ದು ಮಾಡುತ್ತದೆಂದು ಆ ಮನೆಯವರಿಗೆ ಅಂದೇ ಗೊತ್ತಾದದ್ದು.

ಆ ನಿಶ್ಶಬ್ದದಲ್ಲಿ ಕೆಳಗಿನ ಮನೆಯ ಮಗು ಅಳತೊಡಗಿತು. ಸಣ್ಣಗೆ ಶುರುವಾದದ್ದು ನಿಲ್ಲಲೇ ಇಲ್ಲ.

"ಅಯ್ಯೋ, ಯಾಕೋ ಕೂಸು ಇವತ್ತು ಹೀಗೆ ಅಳ್ತಿದೆ" ಎಂದು ಹೆಂಡತಿ ಪಿಸುಗುಟ್ಟಿದಳು.

"ಅಳಲಿ ಬಿಡು" ಎಂದು ಕಂಡಕ್ಟರ ಹಿಗ್ಗಿನಿಂದ ಪಿಸುಗುಟ್ಟಿದ. "ನಮ್ಮಿಂದ ಅಲ್ವಲ್ಲ!" ಹಾಗೆಂದು ಹೇಳಿ, ಹೆಂಡತಿ ದುರುಗುಟ್ಟಿ ನೋಡಿದ ಮೇಲೆ, ಪಾಪ ಎಂದೂ ಸೇರಿಸಿದ.

ಸಂಜೆ ಬೆಲ್ ಸದ್ದಾಯಿತು. ಬಟಾಣಿ ಕಿವಿ ನಿಮಿರಿಸಿತು, ಕಂಡಕ್ಟರನ ಕಡೆ ನೋಡಿತು, ಚಾಪೆಯ ಮೇಲೆ ಕೂತಿತು. ಬಾಗಿಲು ತೆರೆದರು. ಓನರಮ್ಮ ಒಳಗೆ ಬಂದು ಕೆಮ್ಮಿದರು. ಸದ್ದಿಲ್ಲ. ಕೈಯಲ್ಲಿದ್ದ ಕೊಡೆಯಿಂದ ನೆಲ ಕುಟ್ಟಿದರು. ಸದ್ದಿಲ್ಲ. ಬಗ್ಗಿ ಬಟಾಣಿಯ ಮೂಗಿನ ಮುಂದೆಯೇ ಚಪ್ಪಾಳೆ ತಟ್ಟಿದರು. ಬಟಾಣಿ ಆಕಳಿಸಿತು.

"ಪರವಾಗಿಲ್ವೇ!" ಎಂದರು ಓನರಮ್ಮ, ಸ್ವಲ್ಪ ನಿರಾಶೆಯಿಂದಲೇ. "ಇರಲಿ, ಇರಲಿ. ಇಟ್ಕೊಳ್ಳಿ."

ಹೆಂಡತಿ ಕಣ್ಣೊರೆಸಿಕೊಂಡು ಬ್ಯಾಗಿನಿಂದ ಬಟ್ಟೆ ತೆಗೆಯಲು ಓಡಿದಳು. ಟೈಲರ್ ಮೌನವಾಗಿಯೇ ಕಂಡಕ್ಟರನ ಕೈ ಕುಲುಕಿದ. ಅಷ್ಟರಲ್ಲಿ ಮೆಟ್ಟಿಲಿನಿಂದ ಅಳು ಹತ್ತಿರ ಬಂತು. ಬಾಣಂತಿ. ಕೆದರಿದ ಕೂದಲು, ಕೆಂಪಾದ ಕಣ್ಣು, ತೋಳಿನಲ್ಲಿ ಮುಷ್ಟಿ ಬಿಗಿಹಿಡಿದು ಕಿರುಚುವ ಕೂಸು.

"ಅಣ್ಣಾ, ಏನಾಯ್ತು ಇವತ್ತು? ಬಟಾಣಿ ಹುಷಾರಾಗಿದ್ದಾಳಾ?"

"ಹುಷಾರಾಗಿದ್ದಾಳಮ್ಮ" ಎಂದು ಅವನು ಪಿಸುಗುಟ್ಟಿದ. "ಇನ್ಮೇಲೆ ಬೊಗಳಲ್ಲ. ನೀವು ನೆಮ್ಮದಿಯಾಗಿರಿ."

"ಅಯ್ಯೋ, ಬೊಗಳಲಿ ಅಣ್ಣಾ!" ಅವಳು ಅಳುವುದೊಂದು ಬಾಕಿ. "ಮೊನ್ನೆಯಿಂದ ನೀವು ಡ್ಯೂಟಿ ಮುಗಿಸಿ ಮನೆಗೆ ಬರ್ತಿದ್ದ ಹಾಗೇ ಮೇಲೆ ಇವಳು ಬೊಗಳೋಕೆ ಶುರು ಮಾಡ್ತಿದ್ದಳು, ಇವನು ಕೆಳಗೆ ಗಡದ್ದಾಗಿ ನಿದ್ದೆ ಮಾಡ್ತಿದ್ದ. ಇವತ್ತು ಬೆಳಿಗ್ಗೆ ಕೂಡ ಮಲಗಿದ್ದ. ಮಧ್ಯಾಹ್ನ ಮೇಲುಗಡೆ ಸದ್ದು ನಿಂತಿತು ನೋಡಿ, ಆವಾಗ ಶುರು ಮಾಡಿದವನು ಇನ್ನೂ ನಿಲ್ಲಿಸಿಲ್ಲ. ನಿಮಗೆ ಕೈ ಮುಗೀತೀನಿ, ಒಂದು ಸಲ ಬೊಗಳಿಸಿ."

ಎಲ್ಲರೂ ಓನರಮ್ಮನ ಕಡೆ ನೋಡಿದರು. ಓನರಮ್ಮ ಕೊಡೆಯ ಕಡೆ ನೋಡಿದರು. "ನನ್ನ ಮುಖ ಯಾಕೆ ನೋಡ್ತೀರಿ? ಬೊಗಳಿಸಿ!"

ಈಗ ಬಟಾಣಿ ಬೊಗಳಬೇಕಲ್ಲ. ಟೈಲರ್ ಬೆಲ್ ಒತ್ತಿದ. ಬಟಾಣಿ ವಿನಯದಿಂದ ಚಾಪೆಯ ಮೇಲೆ ಕೂತು ಬಿಸ್ಕತ್ತಿಗೆ ಕಾದಿತು. ಓನರಮ್ಮ ಕೊಡೆಯನ್ನು ಪಟಾರನೆ ಬಿಚ್ಚಿದರು. ಬಾಲ ಅಲ್ಲಾಡಿತು, ಅಷ್ಟೇ. ಕೊನೆಗೆ ಹೆಂಡತಿ ಕಿಟಕಿಯ ಕಪ್ಪು ಬಟ್ಟೆಯನ್ನು ಕಿತ್ತಳು. ಆಚೆ ಬೀದಿ ಪೂರ್ತಿ ಕಾಣಿಸಿತು. ಇಷ್ಟು ಹೊತ್ತು ಕಾವಲಿಲ್ಲದೆ ಬಿದ್ದಿದ್ದ ಬೀದಿ! ಬಟಾಣಿ ಕುರ್ಚಿಗೆ ಹಾರಿ ಬಾಕಿ ಉಳಿದದ್ದನ್ನೆಲ್ಲ ಒಟ್ಟಿಗೆ ಬೊಗಳಿತು.

ಮಗು ಅದಕ್ಕಿಂತ ಜೋರಾಗಿ ಅತ್ತಿತು.

ನಾಯಿ ಒಂದು ಕಡೆ, ಕೂಸು ಒಂದು ಕಡೆ, ಬೆಲ್ ಒತ್ತುತ್ತಲೇ ಇದ್ದ ಟೈಲರ್ ಒಂದು ಕಡೆ. ಅರ್ಧ ದಿನ ಹಿಡಿದಿಟ್ಟುಕೊಂಡಿದ್ದ ಕಂಡಕ್ಟರನ ಗಂಟಲು ಇನ್ನು ತಡೆಯಲಾರದೆ ಒಡೆಯಿತು.

"ಏಯ್! ಎಲ್ಲಾ ಸುಮ್ನಿರ್ರೀ!"

ಗೋಡೆಯ ಕ್ಯಾಲೆಂಡರ್ ಅಲುಗಿತು. ಟೈಲರ್ ಬೆಲ್ ಬಿಟ್ಟ. ಮಗು ತಟ್ಟನೆ ಅಳು ನಿಲ್ಲಿಸಿತು. ಮುಷ್ಟಿ ಸಡಿಲಾಯಿತು. ದೊಡ್ಡದಾಗಿ ಉಸಿರೆಳೆದು ಅಮ್ಮನ ಹೆಗಲಿಗೆ ಕೆನ್ನೆ ಒತ್ತಿತು.

"ಅಣ್ಣಾ, ಇನ್ನೊಂದ್ಸಲ" ಎಂದಳು ಬಾಣಂತಿ, ಉಸಿರು ಬಿಗಿಹಿಡಿದು.

"ಏನಂತ ಕೂಗ್ಲಿ?"

"ಏನಾದ್ರೂ. ಬಸ್ಸಲ್ಲಿ ಕೂಗ್ತೀರಲ್ಲ, ಹಾಗೆ."

"ಆಸ್ಪತ್ರೆ, ಆಸ್ಪತ್ರೆ, ಆಸ್ಪತ್ರೇಯ್! ಒಳಗೆ ಬನ್ನಿ, ಒಳಗೆ ಬನ್ನಿ!"

ಕೂಸಿನ ರೆಪ್ಪೆಗಳು ಭಾರವಾಗಿ ಮುಚ್ಚಿದವು.

ಬಾಣಂತಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕಳು, ಕಣ್ಣಲ್ಲಿ ನೀರು. "ನಾನೆಂಥ ದಡ್ಡಿ! ಇವನು ಹೊಟ್ಟೇಲಿದ್ದಾಗ ದಿನಾ ಕೆಲಸಕ್ಕೆ ಹೋಗ್ತಿದ್ದದ್ದು ನಿಮ್ಮ ಬಸ್ಸಲ್ಲೇ ಅಲ್ವಾ ಅಣ್ಣ. ನೀವೇ ಜನರನ್ನ ಎಬ್ಬಿಸಿ ನನಗೆ ಸೀಟು ಕೊಡಿಸ್ತಿದ್ರಿ. ಇವನು ಕೇಳಿಕೊಂಡು ಬೆಳೆದದ್ದೇ ಈ ಗಂಟಲು!"

ಕಂಡಕ್ಟರನಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಅದು ಇಳಿಯುವ ಮೊದಲೇ ಓನರಮ್ಮ ತೀರ್ಪು ಕೊಟ್ಟರು. "ಹಾಗಿದ್ರೆ ಇನ್ನೇನು, ಮೆಟ್ಟಿಲ ಮೇಲೆ ಕೂತ್ಕೊಳ್ಳಿ ಕಂಡಕ್ಟರೇ. ಅವಳು ಎರಡು ತುತ್ತು ತಿಂದು ಸ್ವಲ್ಪ ಬೆನ್ನು ಚಾಚಲಿ. ಇನ್ಮೇಲೆ ಡ್ಯೂಟಿ ಮುಗಿಸಿ ಬಂದ ಮೇಲೆ ಇದೂ ಒಂದು."

"ಅಮ್ಮ, ಇವತ್ತು ನನಗೆ ರಜೆ..."

"ಮಗುಗೆ ರಜೆ ಇದೆಯಾ?"

ಅವನು ಮೆಟ್ಟಿಲ ಮೇಲೆ ಕೂತ. ಹೆಂಡತಿ ಬಂದು ಪಕ್ಕದಲ್ಲಿ ನೀರಿನ ಚೊಂಬು ಇಟ್ಟು, ಹೋಗುವಾಗ ಅವನ ತಲೆಗೂದಲನ್ನು ಒಮ್ಮೆ ಸರಿಮಾಡಿದಳು. "ಆಸ್ಪತ್ರೆ ದಾಟ್ತು! ಪೋಸ್ಟಾಫೀಸು, ಪೋಸ್ಟಾಫೀಸ್! ಮುಂದೆ ಹೋಗಿ ಸ್ವಾಮಿ, ಬಾಗಿಲಲ್ಲಿ ನಿಲ್ಲಬೇಡಿ!" ಕೆಳಗೆ ಮಗು ನಿದ್ದೆ ಹೋಯಿತು, ಮಗುವಿನ ಅಮ್ಮನೂ. ಯಜಮಾನರು ಇಷ್ಟು ಬೊಗಳುತ್ತಿದ್ದಾರೆಂದರೆ ಸಂಗತಿ ದೊಡ್ಡದೇ ಇರಬೇಕೆಂದು ಬಟಾಣಿಯೂ ಬಂದು ಪಕ್ಕದಲ್ಲಿ ಕೂತು, ಅವನ ಪ್ರತಿಯೊಂದು ಸ್ಟಾಪಿಗೂ ದನಿಗೂಡಿಸಿತು. ಮಾರ್ಕೆಟ್ಟು ಬಂತು, ರೈಲ್ವೆ ಗೇಟು ಬಂತು, ಸೋಪಿನ ಫ್ಯಾಕ್ಟರಿ ಬಂತು.

"ಲಾಸ್ಟ್ ಸ್ಟಾಪ್! ಎಲ್ಲಾ ಇಳೀರಿ!" ಎಂದು ಕಂಡಕ್ಟರ ಒಂದು ಗುಟುಕು ನೀರು ಕುಡಿದು ಮೆಲ್ಲಗೆ ಎದ್ದ.

ಕೆಳಗಿನಿಂದ ಕುಂಯ್ ಎಂಬ ಸಣ್ಣ ದನಿ ಬಂತು. ಮರುಕ್ಷಣವೇ ಮಹಡಿಯ ಕಿಟಕಿ ದಡಾರನೆ ತೆರೆಯಿತು.

"ಕಂಡಕ್ಟರೇ!" ಎಂದು ಕೂಗಿದರು ಓನರಮ್ಮ. "ಯಾಕೆ ನಿಲ್ಲಿಸಿದ್ರಿ? ವಾಪಸ್ ಟ್ರಿಪ್ ಹೊರಡಿ!"